ಪ್ರತಿ ಉಳಿದರೆ ಕೃತಿ ಉಳಿದೀತು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಅದರ ಚಿತ್ರೀಕರಣ ನಡೆದದ್ದು ನಾಡಿನ ಹೊರಗೆ, ಕೊಲ್ಹಾಪುರದಲ್ಲಿ. ವೈ. ವಿ. ರಾವ್ ನಿರ್ದೇಶಿಸಿದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬಾ ಅಭಿನಯಿಸಿದ್ದರೆಂದು ಚಿತ್ರರಂಗದ ಚರಿತ್ರೆ ಬರೆದವರೆಲ್ಲ ದಾಖಲಿಸಿದ್ದಾರೆ. ಆದರೆ ಆ ಚರಿತ್ರೆಯನ್ನು ಓದುವ ನಮಗೆ ಚಿತ್ರವನ್ನು ನೋಡುವ ಭಾಗ್ಯವಿಲ್ಲ. ಅದರ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಕನ್ನಡ ಮಾತು ಮೊತ್ತಮೊದಲು ತೆರೆಯ ಮೇಲೆ ಹೇಗೆ ಕೇಳಿಸಿತು ಎಂಬುದು ಇನ್ನು ಊಹೆಗೆ ಬಿಟ್ಟ ವಿಷಯ.

ಇದಕ್ಕೂ ಸುಮಾರು ಸಾವಿರ ವರ್ಷ ಮೊದಲು ಪೊನ್ನ 'ಶಾಂತಿಪುರಾಣ'ವನ್ನು ರಚಿಸಿದ. ಅದು ತಾಳೆಗರಿಯ ಕಾಲ. ದಾನಚಿಂತಾಮಣಿ ಅತ್ತಿಮಬ್ಬೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯನ್ನು ಒಮ್ಮೆಯಾದರೂ ಓದಿದವರೆಲ್ಲ ಬಲ್ಲ ಮಾತು. ತಾಳೆಗರಿಗೂ ಆಯುಷ್ಯವೆಂಬುದುಂಟು. ಕೆಲವು ತಲೆಮಾರುಗಳಿಗೊಮ್ಮೆ ಹಳೆಯ ಗರಿಯಿಂದ ಹೊಸ ಗರಿಗೆ ಏರದಿದ್ದರೆ ಕಾವ್ಯ ಹುಳುವಿನ ಪಾಲಾಗುತ್ತದೆ. 'ಶಾಂತಿಪುರಾಣ' ಹಾಗೆ ಏರುತ್ತ ಏರುತ್ತ ಅಚ್ಚಿನ ಮನೆಯವರೆಗೂ ಬಂದಿತು. ಅದೇ ಪೊನ್ನ ಬರೆದ 'ಭುವನೈಕರಾಮಾಭ್ಯುದಯ' ಬರಲಿಲ್ಲ. ಅದರ ಹೆಸರಷ್ಟೇ ಉಳಿದಿದೆ. ಕವಿ ಒಬ್ಬನೇ, ಕಾಲವೂ ಒಂದೇ. ಒಂದು ಕೃತಿ ಪ್ರತಿಯಿಂದ ಪ್ರತಿಗೆ ದಾಟಿತು, ಇನ್ನೊಂದು ದಾಟಲಿಲ್ಲ.

ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಮನೆಗಳಲ್ಲಿ ಟಿವಿಯ ಕೆಳಗಿನ ಖಾನೆಯಲ್ಲಿ ಧೂಳು ಹಿಡಿದು ಕುಳಿತಿರುವ ವಿಸಿಡಿ, ಡಿವಿಡಿಗಳ ಸಾಲನ್ನು ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಖಾನೆಯೊಳಗಿನ ಗ್ರಂಥಾಲಯ

ಹೊರನಾಡ ಕನ್ನಡಿಗರಾದ ನಮಗೆ ಕನ್ನಡ ಚಿತ್ರವೆಂಬುದು ಬಹುಕಾಲ ಬಸ್ಸಿನಲ್ಲಿ, ರೈಲಿನಲ್ಲಿ ಬರುವ ವಸ್ತುವಾಗಿತ್ತು. ನಮ್ಮ ಊರಿನ ಚಿತ್ರಮಂದಿರದಲ್ಲಿ ಕನ್ನಡ ಚಿತ್ರ ಎಂದೋ ಒಂದು ಭಾನುವಾರ ಬೆಳಗಿನ ಆಟಕ್ಕೆ ಬಂದರೆ ಅದೇ ಹಬ್ಬ. 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟು ಬಂದ ಮೇಲೆ ರಜೆಗೆ ಊರಿಗೆ ಹೋದವರು ಹಪ್ಪಳ, ಸಂಡಿಗೆ, ಸಾರಿನ ಪುಡಿಯ ಜೊತೆಗೆ ನಾಲ್ಕು ಕ್ಯಾಸೆಟ್ಟುಗಳನ್ನೂ ತರತೊಡಗಿದರು. 1990ರ ದಶಕದ ಕೊನೆಯಲ್ಲಿ ಕ್ಯಾಸೆಟ್ಟಿನ ಜಾಗಕ್ಕೆ ವಿಸಿಡಿ ಬಂದಿತು, ಅದರ ಹಿಂದೆಯೇ ಡಿವಿಡಿ.

1993ರಲ್ಲಿ ರೂಪುಗೊಂಡ ವಿಸಿಡಿಯಲ್ಲಿ ಒಂದು ಡಿಸ್ಕಿಗೆ ಹಿಡಿಯುವುದು ಸುಮಾರು 74 ನಿಮಿಷದ ಚಿತ್ರ. ಆದ್ದರಿಂದಲೇ ನಮ್ಮ ಎರಡೂವರೆ ಗಂಟೆಯ ಚಿತ್ರಗಳು ಎರಡು, ಮೂರು ಡಿಸ್ಕುಗಳಲ್ಲಿ ಬರುತ್ತಿದ್ದವು. ಡಿಸ್ಕು ಬದಲಿಸುವ ಹೊತ್ತು ಕಾಫಿಯ ಹೊತ್ತಾಗಿತ್ತು. ಡಿವಿಡಿ 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಅಷ್ಟೇ ಅಗಲದ, 12 ಸೆಂಟಿಮೀಟರಿನ ಬಿಲ್ಲೆಯಲ್ಲಿ ಒಂದು ಪದರಕ್ಕೆ 4.7 ಗಿಗಾಬೈಟ್, ಎರಡು ಪದರಕ್ಕೆ 8.5 ಗಿಗಾಬೈಟ್ ಹಿಡಿಯುತ್ತಿದ್ದುದರಿಂದ ಇಡೀ ಚಿತ್ರ ಒಂದರಲ್ಲೇ ಅಡಕವಾಯಿತು. ಖಾಲಿ ಡಿಸ್ಕುಗಳ ತಯಾರಿಕೆಯಲ್ಲಿ ಜಗತ್ತಿನಲ್ಲೇ ಹೆಸರಾಗಿದ್ದ ಮೋಸರ್ ಬೇಯರ್ ಸಂಸ್ಥೆ 2007ರಲ್ಲಿ ಚಿತ್ರಗಳ ಮಾರಾಟಕ್ಕೂ ಇಳಿದು ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಟ್ಟಾಗ, ಚಿತ್ರವೊಂದನ್ನು ಸ್ವಂತಕ್ಕೆ ಕೊಂಡು ಇಟ್ಟುಕೊಳ್ಳುವುದು ಮಧ್ಯಮ ವರ್ಗದ ಮನೆಗೆ ಮೊದಲ ಬಾರಿಗೆ ಎಟುಕುವ ಮಾತಾಯಿತು. ಹನ್ನೊಂದು ವರ್ಷಗಳ ಬಳಿಕ, 2018ರಲ್ಲಿ, ಆ ಸಂಸ್ಥೆಯ ಆಸ್ತಿಪಾಸ್ತಿಗಳ ಸಮಾಪನಕ್ಕೆ ನ್ಯಾಯಮಂಡಳಿ ಆದೇಶಿಸಿತು. ಡಿಸ್ಕಿನ ಯುಗದ ಉದಯವೂ ಅಸ್ತವೂ ಇಷ್ಟು ಸಮೀಪದಲ್ಲಿದ್ದವು.

ಆ ಅಲ್ಪ ಅವಧಿಯಲ್ಲಿ ನಮ್ಮ ಮನೆಗಳಲ್ಲಿ ಕೂಡಿಕೊಂಡ ಡಿಸ್ಕುಗಳನ್ನು ಕೇವಲ ಮನರಂಜನೆಯ ಸರಕು ಎನ್ನಲಾಗದು. ಶಾಲೆಯಲ್ಲಿ ಮರಾಠಿ, ಹಿಂದಿ, ತಮಿಳು, ತೆಲುಗು ಕಲಿತು ಬೆಳೆದ ನಮ್ಮ ಮಕ್ಕಳ ಕಿವಿಗೆ ಮನೆಯವರದ್ದಲ್ಲದ ಕನ್ನಡ ಬಿದ್ದದ್ದು ಇವುಗಳಿಂದಲೇ. ಅಜ್ಜಿಯ ಕನ್ನಡ ಒಂದು ಬಗೆಯದು, ಮಂಡ್ಯದ ಕನ್ನಡ ಇನ್ನೊಂದು, ಧಾರವಾಡದ್ದು ಮತ್ತೊಂದು ಎಂದು ಅವರು ಅರಿತದ್ದು ಈ ಬಿಲ್ಲೆಗಳ ಮುಂದೆ ಕುಳಿತೇ.

ಕೆಲವು ತಿಂಗಳ ಹಿಂದೆ ನಮ್ಮ ಬಳಗದ ಸಂಜೆಯ ಕೂಟದಲ್ಲಿ ಹಳೆಯ ಕಪ್ಪುಬಿಳುಪು ಚಿತ್ರವೊಂದರ ವಿಸಿಡಿ ಹಾಕಿದೆವು. ಎರಡನೆಯ ಡಿಸ್ಕಿನ ನಡುವೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಧ್ವನಿ ತೊದಲಿತು, ಕೊನೆಗೆ ಯಂತ್ರ ಸುಮ್ಮನಾಯಿತು. ಒರೆಸಿ ಹಾಕಿದರೂ ಅಷ್ಟೇ. ಹಿರಿಯರೊಬ್ಬರು ಉಳಿದ ಕಥೆಯನ್ನು ಬಾಯಲ್ಲೇ ಹೇಳಿ ಮುಗಿಸಿದರು. ಕಥೆ ಚೆನ್ನಾಗಿಯೇ ಇತ್ತು. ಆದರೆ ಮನೆಗೆ ಹೋಗುವಾಗ ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ: ನಮ್ಮ ಮನೆಯ ಡಿಸ್ಕುಗಳ ಗತಿ ಏನಾಗಿದೆಯೋ?

ಬಿಲ್ಲೆಯ ಆಯುಷ್ಯ

ಡಿವಿಡಿ ಒಂದು ಬಿಲ್ಲೆಯಂತೆ ಕಂಡರೂ ವಾಸ್ತವವಾಗಿ ಎರಡು ಬಿಲ್ಲೆಗಳ ಜೋಡಣೆ. ತಲಾ 0.6 ಮಿಲಿಮೀಟರ್ ದಪ್ಪದ ಎರಡು ಪಾಲಿಕಾರ್ಬೊನೇಟ್ ಹಾಳೆಗಳನ್ನು ಅಂಟಿನಿಂದ ಕೂಡಿಸಿರುತ್ತಾರೆ. ನಡುವೆ ಬೆಳಕನ್ನು ಪ್ರತಿಫಲಿಸುವ ತೆಳು ಲೋಹದ ಪದರವಿರುತ್ತದೆ. ಅಂಟು ಸಡಿಲಿ ಗಾಳಿ, ತೇವ ಒಳಹೊಕ್ಕರೆ ಲೋಹ ಮಾಸುತ್ತದೆ. ವಿಸಿಡಿಯಲ್ಲಿ ಆ ಲೋಹದ ಪದರ ಇರುವುದು ಹೆಸರು ಮುದ್ರಿಸಿದ ಮೇಲ್ಮೈಗೆ ತೀರ ಹತ್ತಿರ, ತೆಳುವಾದ ಅರಗಿನ ಲೇಪದ ಅಡಿಯಲ್ಲಿ. ಆದ್ದರಿಂದ ಹೊಳೆಯುವ ಕೆಳಮೈಯನ್ನು ಜೋಪಾನ ಮಾಡಿ ಮೇಲ್ಮೈಯನ್ನು ಹೇಗೋ ಹಿಡಿಯುವ ನಮ್ಮ ರೂಢಿಯೇ ತಪ್ಪು. ಕೆಳಗಿನ ಗೀರನ್ನು ಉಜ್ಜಿ ತೆಗೆಯಬಹುದು, ಮೇಲಿನ ಗೀರಿನಲ್ಲಿ ಕಿತ್ತುಹೋದ ಲೋಹವನ್ನು ಮರಳಿ ತರಲಾಗದು.

ಇವು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕುಗಳ ಮಾತು. ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊದವರು ಬರೆದುಕೊಟ್ಟ ಡಿಸ್ಕುಗಳು ಬೇರೆ ಜಾತಿಯವು. ಅವುಗಳಲ್ಲಿ ಗುಳಿಗಳ ಅಚ್ಚಿಲ್ಲ. ಲೇಸರ್ ಕಿರಣ ಒಂದು ಸಾವಯವ ಬಣ್ಣದ ಪದರವನ್ನು ಸುಟ್ಟು ಗುರುತು ಮಾಡಿರುತ್ತದೆ. ಬಣ್ಣವೆಂದ ಮೇಲೆ ಬಿಸಿಲಿಗೂ ಸೆಕೆಗೂ ಮಾಸುವುದು ಸಹಜ. ಮುಂಬಯಿ, ಚೆನ್ನೈಗಳ ಕಡಲ ತೇವದಲ್ಲಿ ಕಪಾಟಿನ ಬಟ್ಟೆಗೇ ಬೂಸಲು ಹಿಡಿಯುವಾಗ ಇವು ಹೇಗೆ ಬದುಕಿಯಾವು? ಹೆಚ್ಚು ಬೆಲೆಬಾಳುವ ನೆನಪು ಹೆಚ್ಚು ದುರ್ಬಲವಾದ ವಸ್ತುವಿನ ಮೇಲೆ ಕುಳಿತಿದೆ. ಅಂಗಡಿಯಲ್ಲಿ ಕೊಂಡ ಚಿತ್ರದ ಇನ್ನೊಂದು ಪ್ರತಿ ಯಾರ ಮನೆಯಲ್ಲಾದರೂ ಸಿಕ್ಕೀತು. ತೀರಿಕೊಂಡ ತಂದೆಯವರು ಧಾರೆ ಎರೆಯುತ್ತಿರುವ ದೃಶ್ಯಕ್ಕೆ ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ.

ಇಲ್ಲಿ ಒಂದು ಸ್ವಾರಸ್ಯವುಂಟು. ಡಿಸ್ಕಿನ ನಿರ್ಮಾತೃಗಳಿಗೆ ಈ ದೌರ್ಬಲ್ಯ ಮೊದಲಿನಿಂದ ತಿಳಿದಿತ್ತು. ಗಣಿತಜ್ಞರಾದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸೊಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತ ವಿಧಾನವೊಂದನ್ನು ಅವರು ಡಿಸ್ಕಿನೊಳಗೆ ಅಳವಡಿಸಿದರು. ಅದರಂತೆ ಡಿವಿಡಿಯ ಪ್ರತಿಯೊಂದು ದತ್ತಾಂಶದ ಕಟ್ಟಿನಲ್ಲಿ ಸುಮಾರು ಎಂಟನೆಯ ಒಂದು ಭಾಗ, ಉಳಿದ ಭಾಗ ಕೆಟ್ಟರೆ ಅದನ್ನು ಮರಳಿ ಲೆಕ್ಕಹಾಕಿ ಕಟ್ಟಿಕೊಳ್ಳಲೆಂದೇ ಇರುತ್ತದೆ. ಸಣ್ಣ ಗೀರಿನ ಡಿಸ್ಕು ನಮಗೆ ಅರಿವಾಗದಂತೆ ಓಡುವುದು ಇದರ ಬಲದಿಂದ. ಅಂದರೆ ಒಂದೇ ಕಡೆ ಒಂದೇ ಸಲ ಬರೆದದ್ದನ್ನು ನಂಬಬಾರದೆಂಬ ವಿವೇಕವನ್ನು ಬಿಲ್ಲೆಯೊಳಗೆ ಬರೆದಿಟ್ಟವರು, ಆ ಬಿಲ್ಲೆಯ ಒಡೆಯನಿಗೆ ಮಾತ್ರ ಅದೇ ವಿವೇಕವನ್ನು ಅನುಸರಿಸಲು ಬಿಡಲಿಲ್ಲ.

ಬೀಗ ಯಾರಿಗೆ?

ಮನೆಯಲ್ಲಿ ಚಿತ್ರದ ಪ್ರತಿ ಮಾಡುವುದರ ಬಗ್ಗೆ ಚಿತ್ರೋದ್ಯಮದ ಭಯ ಡಿಸ್ಕಿಗಿಂತ ಹಳೆಯದು. ಟಿವಿಯ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳಬಲ್ಲ ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ವಿರುದ್ಧ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು 1976ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವು. ಎಂಟು ವರ್ಷಗಳ ತರುವಾಯ, 1984ರ ಜನವರಿಯಲ್ಲಿ, ಅಲ್ಲಿಯ ಸುಪ್ರೀಂ ಕೋರ್ಟ್ ಐವರು ಆ ಕಡೆ, ನಾಲ್ವರು ಈ ಕಡೆಯ ತೀರ್ಪಿನಲ್ಲಿ, ಆಮೇಲೆ ನೋಡುವ ಸಲುವಾಗಿ ಮನೆಯಲ್ಲಿ ಮುದ್ರಿಸಿಕೊಳ್ಳುವುದು ನ್ಯಾಯಯುತ ಬಳಕೆಯೆಂದು ಹೇಳಿತು. ಒಬ್ಬ ನ್ಯಾಯಮೂರ್ತಿ ಅತ್ತಿತ್ತ ಆಗಿದ್ದರೆ ಮನೆ ಮನೆಯ ಕ್ಯಾಸೆಟ್ ಯಂತ್ರದ ಕಥೆ ಬೇರೆಯಾಗುತ್ತಿತ್ತು.

ಆ ಸೋಲಿನಿಂದ ಉದ್ಯಮ ಪಾಠ ಕಲಿಯಿತು. ನ್ಯಾಯಾಲಯದ ಬಾಗಿಲಿಗೆ ಹೋಗುವ ಬದಲು ವಸ್ತುವಿಗೇ ಬೀಗ ಹಾಕುವುದು ಲೇಸೆಂದು ತೀರ್ಮಾನಿಸಿತು. ವಿಸಿಡಿಗೆ ಅಂಥ ಬೀಗವಿರಲಿಲ್ಲ. ಡಿವಿಡಿಗೆ ಸಿಎಸ್‌ಎಸ್ ಎಂಬ ಗೂಢಲಿಪಿ ಬಂದಿತು. ಅದರ ಕೀಲಿಕೈಗಳಲ್ಲಿ ಕೆಲವನ್ನು ಡಿಸ್ಕಿನ ಒಳಅಂಚಿನ ವಿಶೇಷ ಜಾಗದಲ್ಲಿ ಇಡಲಾಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕುಗಳಲ್ಲಿ ಆ ಜಾಗವನ್ನು ಮೊದಲೇ ಬರೆಯಲಾಗದಂತೆ ಮಾಡಿಟ್ಟಿರುತ್ತಿದ್ದರು. ಆದ್ದರಿಂದ ಮನೆಯ ಗಣಕಯಂತ್ರದಲ್ಲಿ ಡಿಸ್ಕನ್ನು ಇದ್ದದ್ದಿದ್ದಂತೆ ನಕಲು ಮಾಡಿದರೆ ಪೆಟ್ಟಿಗೆ ಬರುತ್ತಿತ್ತು, ಕೀಲಿಕೈ ಬರುತ್ತಿರಲಿಲ್ಲ. ಇದರ ಜೊತೆಗೆ ಜಗತ್ತನ್ನು ವಲಯಗಳಾಗಿ ಹಂಚಿ, ಭಾರತವನ್ನು ರಷ್ಯಾ ಮತ್ತು ಆಫ್ರಿಕದ ಬಹುಭಾಗದೊಡನೆ ಐದನೆಯ ವಲಯಕ್ಕೆ ಸೇರಿಸಿದರು. ಅಮೆರಿಕದಿಂದ ಮಗ ತಂದುಕೊಟ್ಟ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಓಡದೆ ಹೋದದ್ದು ಎಷ್ಟೋ ಮನೆಗಳ ಅನುಭವ.

ಈ ಬೀಗದ ವಿಚಿತ್ರವನ್ನು ಗಮನಿಸಬೇಕು. ಕಾರ್ಖಾನೆಯಲ್ಲಿ ಕಳ್ಳ ಡಿಸ್ಕುಗಳನ್ನು ಅಚ್ಚೊತ್ತುವವನಿಗೆ ಇದು ತಡೆಯೇ ಅಲ್ಲ. ಅವನು ಕೀಲಿಕೈ ಸಮೇತ ಇಡೀ ಡಿಸ್ಕಿನ ಅಚ್ಚನ್ನೇ ತೆಗೆಯಬಲ್ಲ. ಕೊಂಡ ಒಂದು ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿ ಕಪಾಟಿನಲ್ಲಿಡಬೇಕೆಂಬ ಗೃಹಸ್ಥನಿಗೆ ಮಾತ್ರ ಅದು ತಡೆ. ಕಳ್ಳನಿಗೆ ಕಿಟಕಿ ತೆರೆದಿಟ್ಟು ಮನೆಯೊಡೆಯನಿಗೆ ಬಾಗಿಲು ಹಾಕಿದಂತಾಯಿತು.

ಬೀಗ ಬಹುಕಾಲ ನಿಲ್ಲಲಿಲ್ಲ. 40 ಬಿಟ್‌ಗಳಷ್ಟೇ ಉದ್ದದ ಕೀಲಿಯದು ಅದು. 1999ರ ಅಕ್ಟೋಬರಿನಲ್ಲಿ ನಾರ್ವೆಯ ಯೋನ್ ಯೊಹಾನ್ಸೆನ್ ಎಂಬ ಹದಿನೈದರ ಹುಡುಗ ಮತ್ತಿಬ್ಬರು ಅನಾಮಿಕರ ಜೊತೆ ಸೇರಿ ರೂಪಿಸಿದ ಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶ ಹೊರಬಂದಿತು. ಆಗ ಲಿನಕ್ಸ್ ಬಳಸುವವರಿಗೆ ತಾವು ಹಣ ಕೊಟ್ಟು ಕೊಂಡ ಡಿಸ್ಕನ್ನು ತಮ್ಮ ಗಣಕದಲ್ಲಿ ನೋಡಲು ಅಧಿಕೃತ ದಾರಿ ಇರಲಿಲ್ಲವೆಂಬುದು ಹುಡುಗನ ಪರವಾಗಿ ಮುಂದಿಟ್ಟ ವಾದ. ನಾರ್ವೆಯ ಸರ್ಕಾರ ಅವನ ಮೇಲೆ ಮೊಕದ್ದಮೆ ಹೂಡಿತು. 2003ರ ಜನವರಿಯಲ್ಲಿ ಓಸ್ಲೊ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ತಾನು ಕೊಂಡ ವಸ್ತುವಿನೊಳಗೆ ತಾನು ಹೊಕ್ಕವನನ್ನು ಅನ್ಯರ ಮನೆಗೆ ನುಗ್ಗಿದವನೆಂದು ಕರೆಯಲಾಗದೆಂಬುದು ಆ ತೀರ್ಪಿನ ತಿರುಳು.

ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿನಲ್ಲಿ ಬೀಸಿತು. 1998ರಲ್ಲಿ ಅಲ್ಲಿ ಬಂದ ಕಾಯಿದೆ ಬೀಗ ಒಡೆಯುವ ಸಾಧನಗಳ ಹಂಚಿಕೆಯನ್ನೇ ಅಪರಾಧವೆಂದಿತ್ತು. ಆ ತಂತ್ರಾಂಶವನ್ನು ಪ್ರಕಟಿಸಿದ 2600 ಎಂಬ ಪತ್ರಿಕೆ 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಸೋತಿತು. ಮನೆಯ ಡಿಸ್ಕುಗಳಿಗೆ ಪ್ರತಿ ಮಾಡಿಕೊಳ್ಳುವ ತಂತ್ರಾಂಶವನ್ನು ಮಾರುತ್ತಿದ್ದ 321 ಸ್ಟುಡಿಯೋಸ್ ಎಂಬ ಸಂಸ್ಥೆ 2004ರಲ್ಲಿ ಬಾಗಿಲು ಹಾಕಿತು. ಅಂಥದೇ ಪ್ರಯತ್ನಕ್ಕೆ ಕೈ ಹಾಕಿದ ರಿಯಲ್‌ನೆಟ್‌ವರ್ಕ್ಸ್ ಸಂಸ್ಥೆಗೆ 2009ರಲ್ಲಿ ತಡೆಯಾಜ್ಞೆ ಬಂದಿತು. ಇತ್ತ ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವ ಹಕ್ಕು 2014ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ಮರುವರ್ಷದ ಜುಲೈನಲ್ಲೇ ಉಚ್ಚ ನ್ಯಾಯಾಲಯದಲ್ಲಿ ರದ್ದಾಯಿತು. ಒಂದು ವರ್ಷವೂ ತುಂಬಲಿಲ್ಲ.

ಸಾಹಿತ್ಯಾಸಕ್ತರಾದ ನಮಗೆ ಈ ಕಲಹದ ಒಂದು ಅಧ್ಯಾಯ ವಿಶೇಷವಾಗಿ ಹಿಡಿಸಿತು. ತಂತ್ರಾಂಶದ ಸಾಲುಗಳು ಮಾತೇ ಅಥವಾ ಯಂತ್ರವೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಎದ್ದಾಗ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟೂರೆಟ್ಸ್ಕಿ ಅದೇ ವಿಧಾನವನ್ನು ಬಗೆಬಗೆಯ ರೂಪದಲ್ಲಿ ಹೇಳಿದ ಮಾದರಿಗಳನ್ನು ಕಲೆಹಾಕಿದರು. ಅಂಗಿಯ ಮೇಲೆ ಅಚ್ಚು ಹಾಕಿದ್ದು ಒಂದು, ಹಾಡಿದ್ದು ಒಂದು. ಸೇತ್ ಶೋನ್ ಎಂಬವರು ಇಡೀ ವಿಧಾನವನ್ನು ನೂರಾರು ಹಾಯ್ಕುಗಳಲ್ಲಿ ಬರೆದರು. ಹನ್ನೆರಡನೆಯ ಶತಮಾನದಲ್ಲಿ ಗಣಿತವನ್ನು ಕನ್ನಡ ಪದ್ಯಗಳಲ್ಲಿ ಹೇಳಿದ ರಾಜಾದಿತ್ಯನನ್ನು ಬಲ್ಲ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಲೆಕ್ಕ ಪದ್ಯವಾದರೆ ನೆನಪಿನಲ್ಲಿ ಉಳಿಯುತ್ತದೆ, ನೆನಪಿನಲ್ಲಿ ಉಳಿದದ್ದನ್ನು ಯಾರೂ ಜಪ್ತಿ ಮಾಡಲಾರರು.

ಮೂಡುಬಿದಿರೆಯ ಪಾಠ

ಬೀಗ ಮತ್ತು ಪ್ರತಿಯ ಈ ಜಗ್ಗಾಟ ನಮಗೆ ಹೊಸತಲ್ಲ. ಅದರ ಬಹು ದೊಡ್ಡ ನಿದರ್ಶನ ನಮ್ಮ ಮೂಡುಬಿದಿರೆಯಲ್ಲೇ ಇದೆ.

ದಿಗಂಬರ ಜೈನರ ಪರಮ ಪವಿತ್ರ ಸಿದ್ಧಾಂತ ಗ್ರಂಥಗಳಾದ ಧವಲ, ಜಯಧವಲ, ಮಹಾಧವಲಗಳ ಪ್ರಾಚೀನ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಯಾತ್ರಿಕರಿಗೆ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರು ಪ್ರತಿ ಮಾಡಿಸಲು ಮುಂದಾದರು. ಬಹಳ ಮಾತುಕತೆಯ ಬಳಿಕ ಒಪ್ಪಿಗೆ ದೊರೆಯಿತು. ಕೆಲಸ ವರ್ಷಗಟ್ಟಲೆ ನಡೆಯಿತು. ಆದರೆ ಪ್ರತಿಯೂ ಮೂಡುಬಿದಿರೆಯನ್ನು ಬಿಟ್ಟು ಹೋಗಕೂಡದೆಂಬುದು ಅಲ್ಲಿಯವರ ನಿಲುವು.

ಪ್ರತಿ ಮಾಡುತ್ತಿದ್ದವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದು ದೂರದ ಸಹಾರನಪುರದ ಶ್ರೀಮಂತ ಶ್ರಾವಕರೊಬ್ಬರನ್ನು ಸೇರಿತು. ಅಲ್ಲಿಯೂ ಅದನ್ನು ಭದ್ರವಾಗಿ ಕಾದಿಟ್ಟರು. ಅಲ್ಲಿ ನಾಗರಿ ಲಿಪಿಗೆ ಇಳಿಸುತ್ತಿದ್ದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿ ಮಾಡಿಕೊಂಡರು. ಅದರಿಂದ ಹಲವು ಊರುಗಳಿಗೆ ಪ್ರತಿಗಳು ಹೋದವು. ಆ ಪ್ರತಿಗಳನ್ನು ಆಧರಿಸಿಯೇ ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಮೊದಲ ಮುದ್ರಿತ ಸಂಪುಟವನ್ನು ಹೊರತಂದರು. ಗ್ರಂಥ ಲೋಕಕ್ಕೆ ತೆರೆದುಕೊಂಡ ಮೇಲೆ ಮೂಡುಬಿದಿರೆಯವರ ಮನಸ್ಸೂ ತೆರೆಯಿತು. ಮುಂದಿನ ಸಂಪುಟಗಳ ಪಾಠವನ್ನು ಮೂಲ ಗರಿಗಳೊಡನೆ ಹೋಲಿಸಿ ತಿದ್ದಲು ಸಾಧ್ಯವಾಯಿತು.

ಈ ಕಥೆಯಲ್ಲಿ ಬೀಗ ಹಾಕಿದವರನ್ನು ದೂಷಿಸುವಂತಿಲ್ಲ. ಶತಮಾನಗಳ ಕಾಲ ಆ ಗರಿಗಳನ್ನು ಕಾದವರು ಅವರೇ. ಆದರೆ ಒಂದೇ ಕಡೆ ಕಾಯ್ದಿಟ್ಟ ವಸ್ತು ಒಂದೇ ಅವಘಡಕ್ಕೆ ಈಡು. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣದಲ್ಲಿ ಬೆಂಕಿ ಬಿದ್ದು ಭಾರತೀಯ ಚಿತ್ರರಂಗದ ಆದಿಕಾಲದ ಹಲವಾರು ನೈಟ್ರೇಟ್ ರೀಲುಗಳು ಬೂದಿಯಾದವು. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕಾಗಿ ಪಿ. ಕೆ. ನಾಯರ್ ಅವರಂಥವರು ಊರೂರು ಅಲೆದು ಕಲೆಹಾಕಿದ ನಿಧಿಗೂ ಬೆಂಕಿಯ ಎದುರು ರಕ್ಷಣೆಯಿರಲಿಲ್ಲ. ಭಂಡಾರ ಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಭಂಡಾರವೊಂದೇ ಸಾಲದು.

ಮನೆಯಲ್ಲಿ ಮಾಡಿಟ್ಟ ಪ್ರತಿ ಲೋಕದ ಆಸ್ತಿಯಾದ ಉದಾಹರಣೆಗಳು ಬೇರೆಡೆಯೂ ಇವೆ. ಬಿಬಿಸಿಯ 'ಡಾಕ್ಟರ್ ಹೂ' ಮಾಲಿಕೆಯ ತೊಂಬತ್ತಕ್ಕೂ ಹೆಚ್ಚು ಹಳೆಯ ಕಂತುಗಳು ಸಂಸ್ಥೆಯೇ ಟೇಪು ಅಳಿಸಿದ್ದರಿಂದ ಕಣ್ಮರೆಯಾದವು. ಆದರೆ ಅವೆಲ್ಲದರ ಧ್ವನಿ ಉಳಿದಿದೆ, ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕುಳಿತ ಅಭಿಮಾನಿ ಮಕ್ಕಳ ಕೃಪೆಯಿಂದ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ ಮೂರು ದಶಕಗಳಿಗೂ ಹೆಚ್ಚು ಕಾಲ, 2012ರಲ್ಲಿ ತೀರಿಕೊಳ್ಳುವವರೆಗೆ, ಹಗಲಿರುಳು ಟಿವಿ ಸುದ್ದಿಯನ್ನು ಕ್ಯಾಸೆಟ್ಟುಗಳಿಗೆ ಇಳಿಸಿಟ್ಟರು. ಸುಮಾರು 70 ಸಾವಿರ ಕ್ಯಾಸೆಟ್ಟುಗಳ ಆ ರಾಶಿ ಇಂದು ಇತಿಹಾಸಕಾರರಿಗೆ ಆಕರವಾಗಿದೆ. ಬದುಕಿದ್ದಾಗ ಅವರದು ಕೇವಲ ಗೀಳೆಂದು ತೋರಿದ್ದಿರಬೇಕು.

ನಮ್ಮ ಕಾಯಿದೆ ಏನೆನ್ನುತ್ತದೆ?

ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದ್ದು. ಖಾಸಗಿ ಬಳಕೆಗಾಗಿ ನಡೆಯುವ ನ್ಯಾಯಯುತ ವ್ಯವಹಾರಕ್ಕೆ ಅದರ 52ನೆಯ ಕಲಮಿನಲ್ಲಿ ವಿನಾಯಿತಿಯಿತ್ತಾದರೂ ಅದು ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆಗಳಿಗೆ ಸೀಮಿತವಾಗಿತ್ತು. ಚಲನಚಿತ್ರ ಅದರೊಳಗೆ ಬರುತ್ತಿರಲಿಲ್ಲ. 2012ರ ತಿದ್ದುಪಡಿಯಲ್ಲಿ ಗಣಕ ತಂತ್ರಾಂಶವೊಂದನ್ನು ಬಿಟ್ಟು ಎಲ್ಲ ಕೃತಿಗಳಿಗೂ ಅದು ವಿಸ್ತಾರವಾಯಿತು. ಅದೇ ತಿದ್ದುಪಡಿ 65ಎ ಎಂಬ ಹೊಸ ಕಲಮನ್ನೂ ತಂದಿತು. ತಾಂತ್ರಿಕ ಬೀಗವನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎಂದು ಅದು ಹೇಳುತ್ತದೆ. ಆದರೆ ಅಲ್ಲಿ ಒಂದು ಮಾತು ಮುಖ್ಯ: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮುರಿದರೆ ಈ ಕಲಮು ಅಡ್ಡಿಯಾಗದು. ಬೇರೊಬ್ಬರಿಗೆ ಬೀಗ ತೆಗೆದುಕೊಡುವವರು ಅವರ ಹೆಸರು, ವಿಳಾಸ, ಉದ್ದೇಶಗಳ ದಾಖಲೆ ಇಡಬೇಕೆಂಬ ವಿಧಿಯೂ ಅಲ್ಲಿದೆ. ಮಾವನ ಡಿಸ್ಕಿಗೆ ಪ್ರತಿ ಮಾಡಿಕೊಡುವ ಅಳಿಯನೂ ಕಟ್ಟುನಿಟ್ಟಾಗಿ ನೋಡಿದರೆ ಒಂದು ಲೆಕ್ಕದ ಪುಸ್ತಕ ಇಡಬೇಕಾದೀತು!

ಅಮೆರಿಕದ ಕಾಯಿದೆ ಬೀಗವನ್ನು ನೋಡುತ್ತದೆ, ನಮ್ಮದು ಬೀಗ ತೆರೆದವನ ಮನಸ್ಸನ್ನು ನೋಡುತ್ತದೆ ಎನ್ನಬಹುದು. ಯಾವುದು ನ್ಯಾಯಯುತವೆಂಬುದು ಆಯಾ ಪ್ರಕರಣದ ಸಂದರ್ಭದ ಮೇಲೆ ತೀರ್ಮಾನವಾಗುವ ಮಾತಾದರೂ, ಎರಡು ಕೆಲಸಗಳ ನಡುವಿನ ಗೆರೆ ಸ್ಪಷ್ಟವಿದೆ. ಹಣ ಕೊಟ್ಟು ಕೊಂಡ ಡಿಸ್ಕು ಕೆಡುವ ಮೊದಲು ಅದರ ಪ್ರತಿ ಮಾಡಿ ತನ್ನ ಮನೆಯಲ್ಲಿಟ್ಟುಕೊಳ್ಳುವುದು ಕಾವಲು. ಆ ಪ್ರತಿಯನ್ನು ಮಾರುವುದು, ಹತ್ತು ಜನರಿಗೆ ಕಳುಹಿಸುವುದು, ಬಾಡಿಗೆಗೆ ತಂದದ್ದನ್ನು ನಕಲಿಸಿ ಹಿಂತಿರುಗಿಸುವುದು ಕಳವು. ಚಿತ್ರ ಮಾಡಿದವರ ಅನ್ನವನ್ನು ಕಸಿದು ಚಿತ್ರವನ್ನು ಉಳಿಸಿದೆವೆನ್ನುವುದು ನಮಗೆ ಒಪ್ಪಿಗೆಯಿಲ್ಲ. ಅತ್ತಿಮಬ್ಬೆಯೂ ಪ್ರತಿಗಳನ್ನು ಸ್ವಂತ ದ್ರವ್ಯದಿಂದ ಬರೆಸಿದವಳೇ ಹೊರತು ಅನ್ಯರ ದ್ರವ್ಯದಿಂದಲ್ಲ.

ಮಾಡಬೇಕಾದ ಕೆಲಸ

ಮಾಡುವ ಕೆಲಸ ಬಹಳವಿಲ್ಲ. ಮೊದಲು ಮನೆಯವರೇ ಇರುವ ಡಿಸ್ಕುಗಳನ್ನು ಎತ್ತಿಕೊಳ್ಳಬೇಕು, ಕಾರಣವನ್ನು ಮೇಲೆ ಹೇಳಿದ್ದೇವೆ. ಅವುಗಳಿಗೆ ಬೀಗದ ಪ್ರಶ್ನೆಯೂ ಇಲ್ಲ. ಆಮೇಲೆ ಇಂದು ಅಂಗಡಿಯಲ್ಲಿ ಸಿಗದ ಹಳೆಯ ಚಿತ್ರ, ನಾಟಕ, ಯಕ್ಷಗಾನ, ಹರಿಕಥೆಗಳ ಸರದಿ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಗುಂಡಗೆ ಉಜ್ಜಬಾರದು. ಚಿತ್ರವನ್ನು ಕುಗ್ಗಿಸಿ ಸಣ್ಣದು ಮಾಡುವ ಆಸೆ ಬೇಡ. ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವುದು ಉತ್ತಮ. ಇನ್ನೂರು ಡಿಸ್ಕುಗಳು ಎರಡು ಪದರದವೇ ಆದರೂ 1,700 ಗಿಗಾಬೈಟ್ ದಾಟುವುದಿಲ್ಲ, ಎರಡು ಟೆರಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಹಿಡಿಯುತ್ತದೆ. ಅಂಥವು ಎರಡು ಬೇಕು. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಕ್ಕಳ ಮನೆಯಲ್ಲಿ. ಹಾರ್ಡ್ ಡಿಸ್ಕೂ ಶಾಶ್ವತವಲ್ಲ. ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಏರಿಸಬೇಕು. ತಾಳೆಗರಿಯ ನಿಯಮವೇ ಇಲ್ಲಿಯೂ. ಪ್ರತಿ ಆಯಿತೆಂದು ಮೂಲವನ್ನು ಎಸೆಯಬಾರದು. ಅದು ಕೊಂಡದ್ದಕ್ಕೆ ಸಾಕ್ಷಿ, ಅದರ ಹೊದಿಕೆಯೂ ಚರಿತ್ರೆಯೇ.

ಕೊನೆಯದಾಗಿ, ಪ್ರತಿಯೊಂದು ಕಡತದ ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಬೇಕೆಂದು ನಮ್ಮ ಕೋರಿಕೆ. ಚಿತ್ರದ ಹೆಸರು, ವರ್ಷ, ನಿರ್ದೇಶಕರು, ಡಿಸ್ಕು ಎಲ್ಲಿ ಯಾವಾಗ ಕೊಂಡದ್ದು, ಯಾವ ಭಾಗ ಕೆಟ್ಟಿದೆ. ಮದುವೆಯ ಡಿಸ್ಕಾದರೆ ಪಂಕ್ತಿಯಲ್ಲಿ ಕುಳಿತವರ ಹೆಸರುಗಳು. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಇದಾಗಬೇಕು. ನಮ್ಮ ಹಿಂದಿನ ಲಿಪಿಕಾರರು ಹಸ್ತಪ್ರತಿಯ ಕೊನೆಯಲ್ಲಿ ತಮ್ಮ ಹೆಸರು, ತಿಥಿ, ಊರು ಬರೆದು, ತಪ್ಪಿದ್ದರೆ ಮನ್ನಿಸಿ ಎಂದು ಬೇಡಿ, ಈ ಪುಸ್ತಕವನ್ನು ಜೋಪಾನ ಮಾಡಿರೆಂದು ಮುಂದಿನ ಓದುಗನಿಗೆ ಹೇಳಿಹೋಗುತ್ತಿದ್ದರು. ಅವರು ಯಾರೂ ಕವಿಗಳಾಗಿರಲಿಲ್ಲ. ಅವರಿಲ್ಲದಿದ್ದರೆ ಕವಿಗಳೂ ನಮಗೆ ಇರುತ್ತಿರಲಿಲ್ಲ.

ಕೂಟದ ದಿನ ನಿಂತುಹೋದ ಆ ವಿಸಿಡಿಯ ಇನ್ನೊಂದು ಪ್ರತಿ ಬಳಗದ ಸದಸ್ಯರೊಬ್ಬರ ಮನೆಯಲ್ಲಿ ಸಿಕ್ಕಿತು. ಮೂರು ಡಿಸ್ಕುಗಳಲ್ಲಿ ಮೂರನೆಯದು ಅವರಲ್ಲಿಯೂ ಹಾಳಾಗಿತ್ತು. ನಮ್ಮಲ್ಲಿ ಅದು ಸರಿಯಿತ್ತು. ಎರಡು ಮನೆಯ ಡಿಸ್ಕುಗಳನ್ನು ಕೂಡಿಸಿದಾಗ ಚಿತ್ರ ಪೂರ್ತಿಯಾಯಿತು. ಮುಂದಿನ ಕೂಟದಲ್ಲಿ ಅದನ್ನು ಕೊನೆಯವರೆಗೆ ನೋಡಲಿದ್ದೇವೆ.